ಬಂದ್ ಆತೋ, ಛಂದ ಆತೋ

ಹೋದ ತಿಂಗಳು ಹಿಂದವಾಡಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನಾನು ಮಾಡಿದ ಕೆಲಸವನ್ನು ನೆನೆದರೆ ಈಗಲೂ ಸ್ವಲ್ಪ ನಾಚಿಕೆಯಾಗುತ್ತದೆ. ಅಂಗಡಿಯ ಒಡತಿ ಗಾಜಿನ ಮೇಜಿನ ಮೇಲೆ ಮೂರು ಸೌಂಡ್ ಕಾರ್ಡುಗಳನ್ನು ಸಾಲಾಗಿ ಇಟ್ಟು, ಒಂದೊಂದರ ಗುಣವನ್ನೂ ತಾಳ್ಮೆಯಿಂದ ಬಿಡಿಸಿ ಹೇಳುತ್ತಿದ್ದರು. ನಾನು ಎಲ್ಲಕ್ಕೂ ತಲೆಯಾಡಿಸಿ, ಮೊದಲನೆಯದನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈ ಬೆರಳಿನ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಕಿವಿಯ ಹತ್ತಿರ ತಂದೆ. ಆಕೆ ಮಾತು ನಿಲ್ಲಿಸಿ ನನ್ನನ್ನೇ ನೋಡಿದರು.

"ಅದು ತೆಂಗಿನಕಾಯಿ ಅಲ್ರಿ ಕಾಕಾ" ಎಂದರು.

ಸೌಂಡ್ ಕಾರ್ಡ್ ಎಂದರೇನೆಂದು ಎರಡು ತಿಂಗಳ ಹಿಂದೆ ನನಗೂ ಗೊತ್ತಿರಲಿಲ್ಲ. ಕಾರ್ಡು ಎಂದರೆ ಸಕ್ಕರೆ, ಸೀಮೆಎಣ್ಣೆಯ ರೇಷನ್ ಕಾರ್ಡು. ಇಲ್ಲವೇ ಮೂಲೆಗೆ ಅರಿಸಿನ ಹಚ್ಚಿಕೊಂಡು ಮದುವೆಯ ಸುದ್ದಿ ತರುವ ಅಂಚೆ ಕಾರ್ಡು. ಹಾಗೆ ತಿಳಿದ ಪೀಳಿಗೆ ನಮ್ಮದು. ನಾನು ನೋಡಿದ ಸೌಂಡ್ ಕಾರ್ಡು ಸಾಬೂನಿನ ಡಬ್ಬಿಯಷ್ಟಿದೆ. ಒಂದು ಕಡೆ ಟೇಪ್ ರೆಕಾರ್ಡರಿನ ತಂತಿ, ಇನ್ನೊಂದು ಕಡೆ ಕಂಪ್ಯೂಟರಿನ ತಂತಿ. ಸದ್ದನ್ನು ಅಂಕಿಗಳಾಗಿಯೂ ಅಂಕಿಗಳನ್ನು ಮತ್ತೆ ಸದ್ದಾಗಿಯೂ ಮಾಡಿಕೊಡುವುದು ಅದರ ಕೆಲಸವಂತೆ. ಅಗ್ಗದ ಕಾರ್ಡು ತನ್ನದೇ ಗುಂಯ್‌ಗುಡುವಿಕೆಯನ್ನು ಸೇರಿಸುತ್ತದೆ, ಮೆಲ್ಲನೆಯ ಸದ್ದನ್ನು ನುಂಗುತ್ತದೆ. ಒಳ್ಳೆಯದು ಇದ್ದದ್ದನ್ನು ಇದ್ದ ಹಾಗೆ ದಾಟಿಸುತ್ತದೆ. ಖಾನಾಪುರದಲ್ಲಿ ಹುಟ್ಟಿದವನಿಗೆ ಇದು ಬೇಗ ತಿಳಿಯುತ್ತದೆ. ನಮ್ಮ ಓಣಿಯಲ್ಲಿ ಎಲ್ಲರೂ ದುಭಾಷಿಗಳೇ. ಕನ್ನಡದಲ್ಲಿ ಶುರುವಾದ ಜಗಳ ಮರಾಠಿಯಲ್ಲಿ ಮುಗಿಯುತ್ತಿತ್ತು, ನಡುವೆ ಯಾರ ಬೈಗುಳವೂ ಕಳೆದುಹೋಗುತ್ತಿರಲಿಲ್ಲ.

"ಏನ್ ಕೇಳಾಕ ಬೇಕ್ರಿ ನಿಮಗ? ಹಾಡೋ, ಸಿನಿಮಾನೋ?" ಎಂದು ಒಡತಿ ಕೇಳಿದರು. ಪ್ರಶ್ನೆಯಲ್ಲಿ ಅನುಮಾನವಿತ್ತು. ಕುಕ್ಕರಿನ ಮೊದಲ ಸೀಟಿ ಕೇಳಿಸದೆ ಎರಡನೆಯದಕ್ಕೆ ಎಚ್ಚರಾಗುವ ನನ್ನಂಥವನಿಗೆ ಮೇಲ್ದರ್ಜೆಯ ಸೌಂಡ್ ಕಾರ್ಡು ಏತಕ್ಕೆ ಎಂದು ಯಾರಿಗಾದರೂ ಅನಿಸಬೇಕಾದದ್ದೇ.

"ಒಂದ ಶಬ್ದ ಕೇಳಬೇಕಾಗೇತ್ರಿ" ಎಂದೆ. ಶಬ್ದವೆಂದರೆ ಸದ್ದೂ ಹೌದು, ಮಾತೂ ಹೌದು. ಆಕೆ ಸದ್ದು ಎಂದುಕೊಂಡರು. ನಾನು ಹೇಳಿದ್ದು ಮಾತು, ನನ್ನ ಅಪ್ಪ ಆಡಿದ ಒಂದೇ ಒಂದು ಮಾತು.

ಅಪ್ಪ ಖಾನಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಹಂಚು ಆರಿಸುವ ಕೆಲಸದಲ್ಲಿದ್ದ. ಭಟ್ಟಿಯಿಂದ ಬಂದ ಹಂಚನ್ನು ಎಡಗೈಯಲ್ಲಿ ಹಗುರವಾಗಿ ಹಿಡಿದು ಗೆಣ್ಣಿನಿಂದ ಕುಟ್ಟಬೇಕು. ಗಟ್ಟಿ ಹಂಚು ಠಣ್ ಎನ್ನುತ್ತದೆ. ಕಣ್ಣಿಗೆ ಕಾಣದ ಕೂದಲೆಳೆಯಷ್ಟು ಬಿರುಕಿದ್ದರೂ ಠಪ್ ಎಂದು ಕೆಮ್ಮುತ್ತದೆ. ಠಪ್ ಎಂದದ್ದನ್ನು ಅಪ್ಪ ಎಡಕ್ಕೆ ಸರಿಸಿ "ಹಸಿ" ಎಂದೋ "ಬಿರಕ" ಎಂದೋ ಒಂದು ಮಾತು ಹೇಳುತ್ತಿದ್ದ. ಠಣ್ ಎಂದದ್ದು ಮಾತಿಲ್ಲದೆ ಬಲಕ್ಕೆ ಹೋಗುತ್ತಿತ್ತು. ಊಟದ ಬುತ್ತಿ ಕೊಡಲು ಹೋದಾಗ ನಾನು ಒಮ್ಮೆ ಕೇಳಿದ್ದೆ, ಒಳ್ಳೆಯ ಹಂಚಿಗೆ ಏನೂ ಅನ್ನುವುದಿಲ್ಲವೇ ಎಂದು.

"ಛಲೋ ಹಂಚಿಗೆ ಹೇಳೂದೇನೈತಿ" ಎಂದಿದ್ದ. "ಅದು ಯಾರದರ ಮನಿ ಮ್ಯಾಲ ಹೋಗಿ ಕುಂದರತೈತಿ."

ಈ ಪದ್ಧತಿಯನ್ನು ಅಪ್ಪ ಕಾರ್ಖಾನೆಯ ಗೇಟಿನಲ್ಲಿ ಬಿಟ್ಟು ಬರುತ್ತಿರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಮಾತು, ಸರಿಯಾಗಿದ್ದರೆ ಮೌನ. ಗಣಿತದಲ್ಲಿ ನಪಾಸಾದರೆ ಮಾತು, ಪಾಸಾದರೆ ಮೌನ. ನನ್ನ ಪಾಲಿಗೆ ಬಂದದ್ದು ಹೆಚ್ಚಾಗಿ ಮಾತು. ಅವ್ವ ಈ ಮೌನವನ್ನು ಓದಲು ಕಲಿತಿದ್ದಳು. ಮಕ್ಕಳಿಗೆ ಅಷ್ಟು ಸಹನೆ ಎಲ್ಲಿಂದ ಬರಬೇಕು? ಅದರಲ್ಲೂ ನನ್ನ ಅಕ್ಕನಿಗೆ.

ಅಕ್ಕ ಹಾಡುತ್ತಿದ್ದಳು. ಓಣಿಯಲ್ಲಿ ಯಾರ ಮನೆಯಲ್ಲಿ ಪೂಜೆಯಾಗಲಿ, ತೊಟ್ಟಿಲಾಗಲಿ, ವಚನ ಹೇಳಲು ಆಕೆಗೇ ಕರೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಮದುವೆಮನೆಯಲ್ಲಿ ಬೆಳಗಾವಿಯ ಸಂಗೀತದ ಮಾಸ್ತರರೊಬ್ಬರು ಆಕೆಯ ಹಾಡು ಕೇಳಿ, ಒಂದು ಕ್ಯಾಸೆಟ್ಟಿನಲ್ಲಿ ತುಂಬಿ ಕಳಿಸಿದರೆ ಇನ್ನೊಮ್ಮೆ ಶಾಂತವಾಗಿ ಕೇಳಿ, ಕಲಿಸುವುದನ್ನು ನೋಡೋಣ ಎಂದರು. ಅಪ್ಪ ಅಲ್ಲೇ ನಿಂತಿದ್ದ. ಏನೂ ಅನ್ನಲಿಲ್ಲ. ಆದರೆ ಮುಂದಿನ ವಾರವೇ ನಮ್ಮಿಬ್ಬರನ್ನೂ ಬೆಳಗಿನ ರೈಲು ಹತ್ತಿಸಿ, ಟೇಪ್ ರೆಕಾರ್ಡರ್ ಕೊಳ್ಳಲು ಬೆಳಗಾವಿಗೆ ಕರೆದುಕೊಂಡು ಹೋದ. ಮಠದ ಪ್ರವಚನ ತುಂಬಿಕೊಳ್ಳಲು ಬೇಕು ಎಂಬುದು ಅವನು ಕೊಟ್ಟ ಕಾರಣ.

ಖಡೇಬಜಾರದ ಆ ಅಂಗಡಿಯನ್ನು ನಾನು ಮರೆಯಲಾರೆ. ಅಂಗಡಿಯವರು ಅಪ್ಪನಿಗೆ ಕುರ್ಚಿ ಹಾಕಿ, ನಾಲ್ಕು ಟೇಪ್ ರೆಕಾರ್ಡರುಗಳನ್ನು ಮುಂದಿಟ್ಟು, ಒಂದರಲ್ಲಿ ಸಿನಿಮಾ ಹಾಡು ಹಚ್ಚಿದರು. ಅಕ್ಕನ ಮುಖ ಅರಳಿತು. ಅಪ್ಪ, "ಅದನ್ನ ಬಂದ್ ಮಾಡ್ರಿ, ಏನೂ ಕೇಳಸವಲ್ತು" ಎಂದ. ಹಾಡು ನಿಂತಿತು. ಆಮೇಲೆ ಅಪ್ಪ ಒಂದೊಂದೇ ಮಷೀನನ್ನು ಎತ್ತಿ ಗೆಣ್ಣಿನಿಂದ ಕುಟ್ಟಿ, ಕಿವಿಗೆ ಹಿಡಿದು ನೋಡತೊಡಗಿದ. ಪ್ಲಾಸ್ಟಿಕ್ಕಿನ ಹೊಸ ಮಾದರಿಯೊಂದಕ್ಕೆ ಠಪ್ ಎಂಬ ಸದ್ದು ಬಂದಿತು. "ಇದು ಹಸಿ ಐತ್ರಿ. ಭಟ್ಟ್ಯಾಗ ಪೂರಾ ಸುಟ್ಟಿಲ್ಲ" ಎಂದು ಗಂಭೀರವಾಗಿ ಎಡಕ್ಕೆ ಸರಿಸಿದ. ಅಂಗಡಿಯವರಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಕೊನೆಗೆ ಮರದ ಪಕ್ಕೆಗಳಿದ್ದ, ಬುತ್ತಿಗಂಟಿನ ಹಾಗೆ ಭಾರವಾದ ಒಂದು ಹಳೆಯ ಮಾದರಿ ಠಣ್ ಎಂದಿತು. ಅಪ್ಪ ಅದನ್ನು ಬಲಕ್ಕೆ ಇಟ್ಟು ಸುಮ್ಮನಾದ. ವ್ಯಾಪಾರ ಮುಗಿಯಿತೆಂದು ಅಂಗಡಿಯವರಿಗೆ ನಾವೇ ಹೇಳಬೇಕಾಯಿತು.

ನಗುವ ವಿಷಯವೇನೋ ಹೌದು, ಆದರೆ ಆ ಮಷೀನು ಇವತ್ತಿಗೂ ಓಡುತ್ತದೆ.

ಮನೆಗೆ ಬಂದ ಮೇಲೆ ಅಕ್ಕ ಒಂದು ಶರತ್ತು ಹಾಕಿದಳು. "ಅಪ್ಪ ಕೇಳಿ ಛಲೋ ಐತಿ ಅಂದ್ರ ಅಷ್ಟ ಕ್ಯಾಸೆಟ್ ಕಳಸ್ತೀನಿ, ಇಲ್ಲಂದ್ರ ಇಲ್ಲ." ಹದಿನೆಂಟು ವರ್ಷದ ಹುಡುಗಿಯ ಹಟ ಅದು. ಯಾರ ಬಾಯಿಂದ ಮೆಚ್ಚುಗೆ ಬರುವುದಿಲ್ಲವೋ ಅವರಿಂದಲೇ ಅದು ಬೇಕು.

ಒಂದು ಸಂಜೆ ಹಾಡು ತುಂಬುವುದೆಂದಾಯಿತು. ಪಡಸಾಲೆಯ ಕಂಬದ ಪಕ್ಕದಲ್ಲಿ ಮಷೀನು, ಅದರೆದುರು ಅಕ್ಕ, ಬಾಜುಕ್ಕೆ ಅವ್ವ. ನಾನು ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಬೀದಿಗೆ ಓಡಿದೆ. ಹಾಡು ಮುಗಿಯುವವರೆಗೆ ಬೀದಿಯ ಸದ್ದು ತಡೆಯುವ ಹೊಣೆ ನನ್ನದು. ತರಕಾರಿಯವಳನ್ನು ಬೇಡಿಕೊಂಡು, ಎರಡು ಆಡುಗಳನ್ನು ಅಟ್ಟಿ, ಹಾರ್ನ್ ಹೊಡೆಯುತ್ತ ಬಂದ ಸ್ಕೂಟರನ್ನು ಕೈಯೊಡ್ಡಿ ನಿಲ್ಲಿಸಿದ್ದೆ. ಅಷ್ಟರಲ್ಲಿ ಕೆಲಸ ಮುಗಿಸಿ ಅಪ್ಪ ಬಂದ. ಅವನನ್ನು ಮಾತ್ರ ನಿಲ್ಲಿಸುವ ಧೈರ್ಯ ನನಗಿರಲಿಲ್ಲ. ಅಪ್ಪ ಬಾಗಿಲಲ್ಲೇ ನಿಂತು ಹಾಡು ಮುಗಿಯುವವರೆಗೆ ಕೇಳಿದನಂತೆ. ಹಾಡು ಮುಗಿಸಿ ಕಣ್ಣು ತೆರೆದ ಅಕ್ಕ ಅವನನ್ನು ಕಂಡು ನಾಚಿ ಒಳಗೆ ಓಡಿದಳು.

ಆ ರಾತ್ರಿ ಊಟಕ್ಕೆ ಕೂತಾಗ ಅಕ್ಕ ಕಾದಳು. ಅಪ್ಪ ಎರಡು ರೊಟ್ಟಿ ತಿಂದು, ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದು ಹೇಳಿ ಎದ್ದ. "ಅವರಿಗೆ ಛಲೋ ಅನಿಸೈತಿ" ಎಂದು ಅವ್ವ ಹೇಳಿ ನೋಡಿದಳು. ಆದರೆ ಸೀದ ರೊಟ್ಟಿಯನ್ನೂ ಛಲೋ ಅನ್ನುವವಳು ಅವ್ವ; ಆಕೆಯ ಸಾಕ್ಷಿ ನಡೆಯಲಿಲ್ಲ. ಕ್ಯಾಸೆಟ್ಟು ಬೆಳಗಾವಿಗೆ ಹೋಗಲಿಲ್ಲ. ಅಕ್ಕ ಮುಂದೆ ಮಾಸ್ತರಿಣಿಯಾಗಿ ಪೀರನವಾಡಿಯಲ್ಲಿ ನೆಲೆಸಿದಳು, ಮಕ್ಕಳಿಗೆ ಮಗ್ಗಿ ಹೇಳಿಕೊಡುವಾಗ ಬಿಟ್ಟರೆ ಬೇರೆ ರಾಗ ತೆಗೆಯಲಿಲ್ಲ.

ಆ ಕ್ಯಾಸೆಟ್ಟನ್ನು ನಾವಿಬ್ಬರೂ ಆಮೇಲೆ ಕದ್ದು ಕೇಳಿದ್ದೆವು. ಹಾಡು ಮುಗಿಯುತ್ತದೆ, ಅಕ್ಕನ ಕಾಲ್ಗೆಜ್ಜೆ ಒಳಗೆ ಓಡುತ್ತದೆ. ಆಮೇಲೆ ದೂರದಿಂದ ಅಪ್ಪನ ದನಿಯಲ್ಲಿ ಒಂದು ಮಾತು: ಏನೋ "-ಂದ ಆತು". ಮುಂದೆ ಎಣ್ಣೆಯಲ್ಲಿ ಮೆಣಸಿನಕಾಯಿ ಬಿಟ್ಟಂಥ ಬರಿಯ ಚುರುಗುಟ್ಟುವಿಕೆ. ಕೊನೆಗೆ ಎರಡು ಸಲ ಟಕ್, ಟಕ್.

"ಛಂದ ಆತು ಅಂದಾನ" ಎಂದು ನಾನು. "ಬಂದ್ ಆತು ಅಂದಾನ. ಮುಂದ ಟಕ್ ಟಕ್ ಅಂತೈತಲ್ಲ, ಅದು ಬಟನ್ ಸದ್ದು" ಎಂದು ಅಕ್ಕ.

ಒಂದು ಅಕ್ಷರದ ಜಗಳವೆಂದು ನಗಬೇಡಿ. ನಮ್ಮ ಸೀಮೆಯಲ್ಲಿ 'ಬಂದ್' ಎಂಬುದು ಬಹಳ ಜನರನ್ನು ದಾರಿ ತಪ್ಪಿಸಿದೆ. ಮೈಸೂರು ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಗುಮಾಸ್ತರೊಬ್ಬರು ಒಂದು ಮಳೆಗಾಲದಲ್ಲಿ ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಕಣಕುಂಬಿಯ ಬಸ್ಸಿಗೆ ಕಾದಿದ್ದರು. "ಕಣಕುಂಬಿ ಬಸ್ ಬಂದ್ ಐತ್ರಿ" ಎಂದರು ಯಾರೋ. ಇವರ ಕಿವಿಗೆ ಅದು "ಬಂದೈತ್ರಿ". ಟ್ರಂಕು ಹೊತ್ತು ಸ್ಟ್ಯಾಂಡಿಗೆ ಮೂರು ಸುತ್ತು ಹಾಕಿದರು. ಬಸ್ಸು ಬಂದಿದೆ ಎನ್ನುವುದಕ್ಕೂ ಇವತ್ತು ಬಸ್ಸೇ ಇಲ್ಲ ಎನ್ನುವುದಕ್ಕೂ ನಡುವೆ ನಾವು ಬಿಡುವ ಜಾಗ ಅಷ್ಟು ಸಣ್ಣದು. ಇನ್ನು ಅಪ್ಪನಂತೆ ಬಾಯಿ ತೆರೆಯದೆ ಮಾತಾಡುವವನ 'ಬ' ಮತ್ತು 'ಛ'ಗಳ ನಡುವೆ ಎಷ್ಟು ಜಾಗವಿದ್ದೀತು?

ಅಪ್ಪ ಹೋದ, ಅವ್ವ ಹೋದಳು, ಜಗಳ ಉಳಿಯಿತು. ನಾನು ಅಕ್ಕನ ಸಮಾಧಾನಕ್ಕಾಗಿ ಛಂದದ ಪಕ್ಷ ಹಿಡಿದಿದ್ದೆನೇ ಹೊರತು ನನಗೂ ಖಾತ್ರಿಯಿರಲಿಲ್ಲ. ನಿವೃತ್ತನಾದ ಮೇಲೆ ಮನೆಗೊಂದು ಕಂಪ್ಯೂಟರ್ ತಂದು ಹಳೆಯ ಕ್ಯಾಸೆಟ್ಟುಗಳನ್ನು ಅದರೊಳಗೆ ಇಳಿಸತೊಡಗಿದೆ. ಕಂಪ್ಯೂಟರಿನದೇ ಕಿಂಡಿಯಲ್ಲಿ ತಂತಿ ಚುಚ್ಚಿದರೆ ಅಪ್ಪ ಕೌದಿಯೊಳಗಿಂದ ಮಾತಾಡಿದ ಹಾಗೆ ಕೇಳಿಸಿತು. ಹೀಗೆ ಶುರುವಾದದ್ದು ಸೌಂಡ್ ಕಾರ್ಡಿನ ಹುಡುಕಾಟ.

ನಾನು ಕುಟ್ಟಿ ನೋಡಿದ ಕಾರಣಕ್ಕೋ ಏನೋ, ಅಂಗಡಿಯ ಒಡತಿ ಕೊನೆಗೆ ಮೂರರಲ್ಲಿ ಲೋಹದ ಮೈಯ ಒಂದನ್ನು ಮುಂದೆ ತಳ್ಳಿ, "ಇದನ್ನ ಒಯ್ರಿ. ಖರೇನ, ಸಣ್ಣ ಆವಾಜೂ ಬಿಡೂದಿಲ್ಲ ಇದು" ಎಂದರು. ಅವರ ಮಾತು ನನ್ನ ತಲೆಗೆ ಹೋದದ್ದು ಅಷ್ಟರಲ್ಲೇ ಇದೆ. ಆದರೂ ಕುಟ್ಟಿದೆ. ಠಣ್ ಎಂದಿತು. ಕೊಂಡು ಮನೆಗೆ ತಂದೆ.

ಭಾನುವಾರ ಮಧ್ಯಾಹ್ನ ಅಕ್ಕನನ್ನು ಕರೆಸಿದೆ. "ಮುದುಕ ಆದ್ರೂ ನಿಂದು ಅದ ಹಾಡಲ್ಲೋ ತಮ್ಮಾ" ಎನ್ನುತ್ತಲೇ ಕುರ್ಚಿ ಎಳೆದುಕೊಂಡಳು. ಅಪ್ಪನ ಟೇಪ್ ರೆಕಾರ್ಡರಿನಿಂದ ತಂತಿ ಹೊಸ ಡಬ್ಬಿಗೆ, ಡಬ್ಬಿಯಿಂದ ಕಂಪ್ಯೂಟರಿಗೆ. ಹಾಡು ಬಂದಿತು. ಅಕ್ಕ ಯಾರದೋ ಮಗಳ ಹಾಡು ಕೇಳುವವಳ ಹಾಗೆ ಕಿಟಕಿಯ ಕಡೆ ನೋಡುತ್ತ ಕೂತಳು. ಹಾಡು ಮುಗಿಯಿತು, ಗೆಜ್ಜೆ ಓಡಿತು. ಹಿಂದೆಂದೂ ಕೇಳಿಸದಿದ್ದ ಚಪ್ಪಲಿಯ ಸದ್ದು ಬಾಗಿಲಿನಿಂದ ಹತ್ತಿರ ಬಂದಿತು. ಆಮೇಲೆ ಅಪ್ಪ.

"ಬಂದ್ ಆತು?"

ಸ್ಪಷ್ಟವಾಗಿ 'ಬ'. ಅದರ ಕೊನೆಯಲ್ಲೊಂದು ಪ್ರಶ್ನೆ. "ನಾ ಹೇಳಿದ್ನಿಲ್ಲ" ಎಂದಳು ಅಕ್ಕ. ಗೆದ್ದ ಸಂತೋಷ ಆಕೆಯ ದನಿಯಲ್ಲಿರಲಿಲ್ಲ. ನನಗೆ ಯಾಕಾದರೂ ಇದನ್ನು ಕೊಂಡೆನೋ ಅನಿಸಿತು. ನಿಲ್ಲಿಸಲು ಕೈ ಚಾಚಿದೆ. ಅಷ್ಟರಲ್ಲಿ ಅವ್ವ ಮಾತಾಡಿದಳು.

"ಹೂಂನ್ರೀ, ಮಾಡೇನಿ."

ಅವ್ವ ಬಂದ್ ಮಾಡಿರಲಿಲ್ಲ. ನಮ್ಮ ಮನೆಯ ರೇಡಿಯೊದಲ್ಲಿ ದನಿಯ ಗುಂಡಿಯನ್ನು ಎಡಕ್ಕೆ ತಿರುಗಿಸುತ್ತ ಹೋದರೆ ಅದು ಬಂದ್ ಆಗುತ್ತಿತ್ತು. ಅವ್ವನಿಗೆ ಗೊತ್ತಿದ್ದ ಯಂತ್ರವಿದ್ಯೆ ಅದೊಂದೇ. ಇಲ್ಲೂ ಅದನ್ನೇ ಮಾಡಿರಬೇಕು. ಟೇಪು ತನ್ನ ಪಾಡಿಗೆ ತಿರುಗುತ್ತ ಸದ್ದನ್ನು ತುಂಬಿಕೊಳ್ಳುತ್ತಲೇ ಇತ್ತು. ಚುರುಗುಟ್ಟುವಿಕೆಯ ಅಡಿಯಲ್ಲಿ, ತನಗೆ ತಾನೇ ಹೇಳಿಕೊಳ್ಳುವ ಹಾಗೆ, ಅಪ್ಪನ ದನಿ.

"ಎಲ್ಲೂ ಬಿರಕಿಲ್ಲ." ಸ್ವಲ್ಪ ಹೊತ್ತಿನ ಮೇಲೆ, "ಛಂದ ಹಾಡಿತು ಕೂಸು."

"ಹಂಗಂತ ಆಕಿಗೆ ಹೇಳ್ರಿ ಮತ್ತ" ಎಂದಳು ಅವ್ವ.

ಅದಕ್ಕೆ ಉತ್ತರವಾಗಿ ಆ ಎರಡು ಸದ್ದು ಬಂದವು. ಅವು ಬಟನ್ನಿನ ಸದ್ದಾಗಿರಲಿಲ್ಲ. ಮರದ ಮೇಲೆ ಬೆರಳ ಗೆಣ್ಣು ಬಿದ್ದ ಸದ್ದು, ಠಣ್, ಠಣ್. ಅದರ ಹಿಂದೆಯೇ ಬೀದಿಯಿಂದ ಓಡಿಬಂದ ನನ್ನ ಏದುಸಿರು, ಅಲ್ಲಿಗೆ ಟೇಪು ನಿಂತಿತು.

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸುವುದು ಬೇಗ ಮುಗಿಯಲಿಲ್ಲ. ನಲವತ್ತು ವರ್ಷ ಬಿರುಕು ಹುಡುಕುತ್ತಲೇ ಕಳೆದೆವಲ್ಲ, ಆ ಮಷೀನನ್ನು ಅವನು ಕೊಂಡು ತಂದದ್ದೇ ಆಕೆಯನ್ನು ಬಲಗಡೆಯ ಸಾಲಿಗೆ ಇಟ್ಟ ಹಾಗೆ ಎಂದು ನಮಗೆ ಹೊಳೆಯಲಿಲ್ಲವಲ್ಲ ಎಂದು ನನಗೆ ಬಹಳ ದುಃಖವಾಯಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.

"ಅವ್ವಗ ಮಷೀನ ಬಂದ್ ಮಾಡಾಕ ಬರ್ತಿರಲಿಲ್ಲ" ಎಂದಳು ಅಕ್ಕ, ನನಗಿಂತ ಮೊದಲೇ. "ಎಷ್ಟ ಛಲೋ ಆತು ನೋಡು."

ಇನ್ನೊಮ್ಮೆ ಹಚ್ಚಲೇ ಎಂದು ಕೇಳಿದೆ. ಅಕ್ಕ ಮೇಜಿನ ಮೇಲಿದ್ದ ಸೌಂಡ್ ಕಾರ್ಡನ್ನು ತಂತಿಗಳ ಸಮೇತ ಎಡಗೈಯಲ್ಲಿ ಎತ್ತಿ, ಬಲಗೈಯ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಮೆಲ್ಲಗೆ ಬಲಗಡೆಗೆ ಇಟ್ಟಳು. ನಾನು ಇನ್ನೊಮ್ಮೆ ಹಚ್ಚಿದೆ.