ಗಂಜಿ ಯಾರದ್ದು?

ಜಯಲಕ್ಷ್ಮಿಪುರಂನಲ್ಲಿ ಐದೇ ಮೇಜುಗಳ ಪುಟ್ಟ ಕೊರಿಯನ್ ಹೋಟೆಲ್ ನಡೆಸುತ್ತಿದ್ದ ಆಕೆ ಕೊರಿಯಾದವರೇ. ಕನ್ನಡವನ್ನು ಕಲಿತದ್ದು ತರಕಾರಿ ಮಾರುವವರಿಂದ, ಹಾಗಾಗಿ ಮಾತೆಲ್ಲ ಅವರ ಧಾಟಿಯಲ್ಲೇ ಜೋರಾಗಿ ಬರುತ್ತಿತ್ತು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಂದಿಟ್ಟು, "ಮೊದ್ಲು ತಿನ್ನಿ, ಆಮೇಲೆ ಮಾತು" ಅನ್ನುವರು. ನಾವು ಮೊದಲ ತುತ್ತು ನುಂಗುವವರೆಗೂ ಮೇಜಿನ ಪಕ್ಕದಿಂದ ಕದಲುತ್ತಿರಲಿಲ್ಲ.

ಒಂದು ಭಾನುವಾರ ಅಪ್ಪನನ್ನೂ ಕರೆದುಕೊಂಡು ಹೋದೆ. ಟೈಫಾಯ್ಡ್ ಜ್ವರ ಬಿಟ್ಟು ಮೂರು ವಾರವಾಗಿದ್ದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಅಮ್ಮ ಏನು ಮಾಡಿ ಬಡಿಸಿದರೂ ಎರಡು ತುತ್ತಿಗೆ ತಟ್ಟೆ ಸರಿಸಿಬಿಡುತ್ತಿದ್ದರು. ಅಂಗಿ ಹೆಗಲಿನಿಂದ ಜಾರುವಷ್ಟು ಸೊರಗಿದ್ದರು. ನನಗೆ ಒಳಗೊಳಗೇ ಭಯ.

ನಾನು ನೂಡಲ್ಸ್ ಹೇಳಿದೆ. "ನೀನು ತಿನ್ನಮ್ಮ, ನಂಗೇನೂ ಬೇಡ," ಅಂದರು ಅಪ್ಪ.

ಆಕೆ ಅವರ ಮುಖವನ್ನೊಮ್ಮೆ ನೋಡಿ ಒಳಗೆ ಹೋದರು. ಅರ್ಧ ಗಂಟೆಯ ಮೇಲೆ ಎಳ್ಳೆಣ್ಣೆ ಘಮಘಮಿಸುವ ಬಿಸಿ ಅಕ್ಕಿ ಗಂಜಿ ತಂದಿಟ್ಟು, "ಮೊದ್ಲು ತಿನ್ನಿ ಸಾರ್, ಆಮೇಲೆ ಮಾತು," ಎಂದು ಅಲ್ಲೇ ನಿಂತರು. ಅಪ್ಪ ಸಂಕೋಚಕ್ಕೆ ಒಂದು ಚಮಚ ಬಾಯಿಗಿಟ್ಟರು.

"ಇದು ನಮ್ಮ ಗಂಜಿ ಕಣ್ರೀ!"

"ಇಲ್ಲ ಸಾರ್, ನಮ್ದು."

"ನಮ್ಮಜ್ಜಿ ಮಾಡ್ತಿದ್ಲು!"

"ನಮ್ಮಜ್ಜೀನೂ ಮಾಡ್ತಿದ್ಲು!"

ಇಬ್ಬರೂ ಸೋಲಲು ತಯಾರಿರಲಿಲ್ಲ. ವಾದದ ನಡುವೆ ಅಪ್ಪನ ಬಟ್ಟಲು ಖಾಲಿಯಾದದ್ದು ನನಗೊಬ್ಬಳಿಗೇ ಕಂಡಿತು. ಕಣ್ಣು ತುಂಬಿ ಬಂತು. ಯಾಕೆಂದು ಅಪ್ಪ ಕೇಳಿದಾಗ, ನೂಡಲ್ಸ್ ಖಾರ ಅಂದುಬಿಟ್ಟೆ.

ಹೊರಡುವಾಗ ಅಪ್ಪ ಬಾಗಿಲಲ್ಲಿ ನಿಂತು, ಆಕೆಯ ಕಡೆ ತಿರುಗಿ ಗಂಭೀರವಾಗಿ ಕೇಳಿದರು: "ನಾಳೆ ಎಷ್ಟೊತ್ಗೆ ಬಾಗ್ಲು ತೆಗೀತೀರಿ?"