ದೊಡ್ಡವ್ವನ ಎದೆನೋವಿಗೆ ಸಿಕ್ಕ ಪದ

“ಯಾವ ತರಹದ ನೋವು?” ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಎರಡನೇ ಸಲ ಕೇಳಿದರು. ಹೂವಿನ ಹಿಪ್ಪರಗಿಯ ನಮ್ಮ ಪಡಸಾಲೆಯಲ್ಲಿ ದೊಡ್ಡವ್ವ ಎದೆ ಒತ್ತಿಕೊಂಡು ಕುಳಿತಿದ್ದಳು. ವಿಡಿಯೊ ಕರೆಯಲ್ಲಿದ್ದ ಡಾಕ್ಟರಿಗೆ ಕನ್ನಡ ಬಾರದು. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನಾನೇ ನಡುವಿನ ದುಭಾಷಿ.

ಮೊದಲು ‘ಸಿವಿಯರ್’ ಅಂದಿದ್ದೆ, ಆಮೇಲೆ ‘ಶಾರ್ಪ್’ ಅಂದೆ. ಎಲ್ಲವೂ ಜೋರು ನೋವೇ ತಾನೆ ಎಂಬ ಧೈರ್ಯ ನನ್ನದು.

“ಏನಂದಿ ಅವರಿಗೆ?” ಎಂದಳು ದೊಡ್ಡವ್ವ.

“ಚುಚ್ಚಾಕತ್ತೇತಿ ಅಂದೆ.”

“ಚುಚ್ಚೂದಲ್ಲೋ ಮಾಸ್ತರ. ಕಣಿಕಿ ಸಿವುಡಿನ ಮ್ಯಾಲ ಮೊಣಕಾಲಿಟ್ಟು ಹಗ್ಗ ಜಗ್ಗತೇವಲ್ಲ, ಹಂಗ ಆಗೇತಿ. ಸಿವುಡು ನಾನ ಆಗೇನಿ.”

ಜೋಳದ ದಂಟಿನ ಸಿವುಡು ಕಟ್ಟುವುದನ್ನು ಎಳೆತನದಿಂದ ನೋಡಿದವನು ನಾನು. ಹಗ್ಗ ಬಿಗಿಯುತ್ತದೆ, ಮೇಲೆ ಮೊಣಕಾಲಿನ ಭಾರವೂ ಬೀಳುತ್ತದೆ. ‘ಶಾರ್ಪ್’ ಅಂದದ್ದು ತಪ್ಪಾಯಿತು ಎಂದು ಹೇಳಿ, ‘ಟೈಟ್’ ಎಂದೆ, ‘ಹೆವಿ’ ಎಂದೂ ಸೇರಿಸಿದೆ. ಡಾಕ್ಟರ ದನಿಯೇ ಬದಲಾಯಿತು. ಒಂದು ನಿಮಿಷವೂ ತಡಮಾಡದೆ ವಿಜಯಪುರಕ್ಕೆ ಕರೆದೊಯ್ಯಿರಿ ಎಂದರು. ಪಕ್ಕದ ಮನೆಯವರು ಉಣ್ಣುವ ತಾಟು ಬಿಟ್ಟೆದ್ದು ಕಾರು ತೆಗೆದರು. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು, ಹೊತ್ತಿಗೆ ಸರಿಯಾಗಿ ತಂದಿರಿ ಎಂದರು ಅಲ್ಲಿಯ ವೈದ್ಯರು.

ಒಂದೇ ಅರ್ಥದಂತೆ ಕಾಣುವ ಇಂಗ್ಲಿಷ್ ಪದಗಳು ಪಾಠದಲ್ಲಿ ಬಂದರೆ ಈಗ ನಾನು ಅವಸರ ಮಾಡುವುದಿಲ್ಲ. ಇವತ್ತು ಬೆಳಿಗ್ಗೆ ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದ್ದಕ್ಕೆ ದೊಡ್ಡವ್ವ ಓಣಿಗೆಲ್ಲ ಕೇಳುವಂತೆ ನನ್ನನ್ನು ಬೈದಳು. ಅಷ್ಟೂ ಬೈಗುಳವನ್ನು ನಿಂತು ಕೇಳಿದೆ.