ಹುಲ್ಲಿನಲ್ಲಿ ತಿಕ್ಕಿದ ಕಪ್ಪು ಕಾರು

ಈ ಬೆಳಿಗ್ಗೆ ಮಸ್ಕಿಯ ನಮ್ಮ ಮನೆ ಮುಂದೆ ಕಾರು ತೊಳೆಯುತ್ತಿದ್ದಾಗ ಹಸಿ ಭತ್ತದ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರ್ ಹಾದುಹೋಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತವರೂರು ಸಿಂಧನೂರಿನ ನಮ್ಮ ಪಕ್ಕದ ಮನೆಯ ಚಾಚಾ ನೆನಪಾದರು. ಕಾರು ತೊಳೆಯುವುದರಲ್ಲಿ ನನ್ನನ್ನು ಮೀರಿಸುವವರು ಈ ಓಣಿಯಲ್ಲಿ ಯಾರೂ ಇಲ್ಲ. ಹಾಗೆ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಕಲಿತದ್ದು ಅವರಿಂದ.

ಅವರದೊಂದು ಕಪ್ಪು ಬಾಡಿಗೆ ಕಾರು. ಅದರ ಮೇಲಿನ ಧೂಳಿನಲ್ಲಿ ಯಾರಾದರೂ ಬೆರಳಿಂದ ಹೆಸರು ಬರೆದರೆ ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದರು. ಒಣ ಬಟ್ಟೆ ಮುಟ್ಟಿಸುವಂತಿಲ್ಲ. ನೆರಳಿಗೆ ನಿಲ್ಲಿಸಿ, ಬರೀ ನೀರು ಸುರಿದು ಧೂಳನ್ನೆಲ್ಲ ಇಳಿಸಿದ ಮೇಲೆಯೇ ಸಾಬೂನು ನೀರಿನಲ್ಲಿ ಅದ್ದಿದ ಹಳೇ ಲುಂಗಿಯ ಮೆತ್ತನೆ ತುಂಡು. ಅದೂ ಮೇಲಿನಿಂದ ಕೆಳಕ್ಕೆ. ಬಟ್ಟೆ ಜಾಲಿಸಲು ಬೇರೆಯೇ ಬಕೆಟ್. "ನನ್ನ ಮುಖವನ್ನೂ ಇಷ್ಟು ಜೋಪಾನ ಮಾಡಿಲ್ಲ ಈ ಮನುಷ್ಯ" ಎಂದು ಅವರ ಹೆಂಡತಿ ಚಾಚಿ ಕಾಲೆಳೆಯುತ್ತಿದ್ದರು.

ನನ್ನ ಮದುವೆ ಮಸ್ಕಿಯಲ್ಲಿ, ಗಂಡಿನ ಮನೆಯಲ್ಲಿ. ಮದುಮಗಳನ್ನು ತಾವೇ ಕರೆದೊಯ್ಯುವುದಾಗಿ ಹೇಳಿದ್ದ ಚಾಚಾ, ಕಾರಿಗೆ ಹೂ ಕಟ್ಟಲೆಂದು ಹಿಂದಿನ ಸಂಜೆಯೇ ಚಾವಿ ಕೊಟ್ಟಿದ್ದರು. ಜವಳಗೇರಾದಿಂದ ಬಂದಿದ್ದ ನನ್ನ ಸೋದರಮಾವನಿಗೆ ಎಲ್ಲದರಲ್ಲೂ ಒಂದು ಕೈ ಹೆಚ್ಚು ಉತ್ಸಾಹ. ನಸುಕಿನಲ್ಲಿ ಕಾರನ್ನು ಕಾಲುವೆಗೆ ಒಯ್ದು, ಹಬ್ಬಕ್ಕೆ ಎತ್ತು ತೊಳೆಯುವಂತೆ ಹಿಡಿ ಹುಲ್ಲು ಸುತ್ತಿ ತಿಕ್ಕಿ ತಂದ. ನೀರು ಹನಿಯುತ್ತಿದ್ದ ಕಾರು ಮಿರಮಿರ ಮಿಂಚುತ್ತಿತ್ತು. ಹೊರಗೆ ಬಂದ ಚಾಚಾಗೆ ಹೆಮ್ಮೆಯಿಂದ ತೋರಿಸಿದ.

"ಹೆಂಗೈತ್ರಿ ಭಾಯ್? ನಮ್ಮ ಎತ್ತಿನಂಗ ತಿಕ್ಕೀನಿ."

ಬಿಸಿಲೇರಿ ನೀರು ಆರಿದಂತೆ ಗೆರೆಗಳು ಎದ್ದವು... ಬಾನೆಟ್ಟು, ಬಾಗಿಲು, ಎಲ್ಲ ಕಡೆ ಸುತ್ತು ಸುತ್ತಾದ ಬಿಳಿ ಗೀರು. ಮಾವನ ಮುಖ ಸಪ್ಪಗಾಯಿತು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಚಾಚಾ ಮುನಿಸಿಕೊಂಡರೆ ಮುಹೂರ್ತಕ್ಕೆ ನಾನು ತಲುಪುವುದು ಹೇಗೆ? ಅದಕ್ಕಿಂತಲೂ, ಎರಡು ಮನೆಗಳ ಇಷ್ಟು ವರ್ಷದ ನಂಟು ಇವತ್ತಿಗೇ ಮುರಿದೀತೆಂದು ನನಗೆ ನಿಜಕ್ಕೂ ಭಯವಾಯಿತು.

ಚಾಚಾ ಕಾರಿನ ಸುತ್ತ ನಿಧಾನವಾಗಿ ನಡೆದರು. ಬಾನೆಟ್ಟಿನ ಮೇಲೆ ಅಂಗೈ ಆಡಿಸಿದರು. ಕಡೆಗೆ ಅವ್ವನ ಕಡೆ ತಿರುಗಿದರು.

"ಮಗಳ ಮದುವಿ ಅಂತ ಪ್ರೀತೀಲೆ ತೊಳದಾನ, ಬಿಡ್ರಿ ಅಕ್ಕಾ. ಬೇಟಿನ್ನ ಕರ್ಕೊಂಡು ಬರ್ರಿ, ಹೊತ್ತಾಗಾಕತ್ತೈತಿ."

ಆಮೇಲೆ ಪಾಲಿಶ್ ಮಾಡಿಸಿಕೊಡುತ್ತೇನೆಂದು ಮಾವ ಎಷ್ಟು ಗೋಗರೆದರೂ ಚಾಚಾ ಒಪ್ಪಲಿಲ್ಲ. ಬಾಡಿಗೆಗೆ ಬಂದವರು ಆ ಗೀರುಗಳ ಬಗ್ಗೆ ಕೇಳಿದರೆ, ನಮ್ಮ ಮಗಳ ಮದುವೆಯ ಗುರುತು ಎನ್ನುತ್ತಿದ್ದರಂತೆ. ಅವರಿಗೆ ಹೆಣ್ಣುಮಕ್ಕಳಿರಲಿಲ್ಲ...

ಈಗ ಚಾಚಾ ಇಲ್ಲ. ಕಾರು ಅವರ ಮಗನ ಕೈಯಲ್ಲಿದೆ. ಹೋದ ತಿಂಗಳು ಸಿಂಧನೂರಿಗೆ ಹೋದಾಗ, ಹೊಸ ಬಣ್ಣ ಹೊಡೆಸಿದ್ದೇನೆಂದು ಖುಷಿಯಿಂದ ಕರೆದು ತೋರಿಸಿದ. ಹುಡುಕಿದರೂ ಒಂದು ಗೀರಿಲ್ಲ. ಭಾಳ ಛಲೋ ಆಗೈತಿ ತಮ್ಮಾ ಎಂದೆ. ನನ್ನ ತವರಿನಲ್ಲಿ ನನ್ನದೇ ಆದದ್ದೊಂದು ಅಳಿಸಿಹೋಯಿತೆಂದು ಆ ಹುಡುಗನಿಗೆ ಹೇಗೆ ಹೇಳಲಿ?